ತಮ್ಮನ ಗುಟ್ಟಿನ ಫೋನು

ಸರ್ಕಾರದ ಗುಟ್ಟನ್ನು ಇಡೀ ಊರಿಗೆ ಕೇಳಿಸುವಂತೆ ಕಾಪಾಡಿದ ನೌಕರ ಯಾರಾದರೂ ಇದ್ದರೆ ಅದು ನನ್ನ ತಮ್ಮ!

ಅವನಿಗೆ ಸುಳ್ಯದ ಒಂದು ಕಚೇರಿಯಲ್ಲಿ ಕೆಲಸ, ಮನೆ ಸಂಪಾಜೆಯಲ್ಲಿ, ನಮ್ಮ ಪಕ್ಕದಲ್ಲೇ. ಮಳೆಗಾಲದ ಕೆಲಸಕ್ಕೆಂದು ಮೇಲಿನವರು ಒಂದು ಫೋನು ಕೊಟ್ಟರು. ಅದರಲ್ಲಿ ಆಡಿದ ಮಾತು ಗಂಟು ಕಟ್ಟಿಕೊಂಡು ಹೋಗಿ, ಆಚೆಯ ಅಂಥದೇ ಫೋನಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದಂತೆ. ನಡುವೆ ಕದ್ದು ಕೇಳಿದವರಿಗೆ ಬರೀ ಗೊರಗೊರ!

ಅಂದಿನಿಂದ ಅವನ ಬಾಯಿಗೂ ಬೀಗ.

“ಮಧ್ಯಾಹ್ನಕ್ಕೆ ಎಂತ ಪದಾರ್ಥ ಮಾರಾಯಾ?”

“ಅದೆಲ್ಲ ಹೇಳ್ಲಿಕ್ಕಿಲ್ಲ ಅಕ್ಕ.”

ಮೀಸೆಯಲ್ಲಿ ಬಸಳೆ ಅಂಟಿಕೊಂಡಿತ್ತು!

ಆದರೆ ಮನೆಯಲ್ಲಿ ರೇಂಜ್ ಬೇಕಲ್ಲ? ಊರವರೆಲ್ಲ ಫೋನಿಗೆಂದು ಹತ್ತುವ ಬಂಡೆಯನ್ನೇ ಇವನೂ ಹತ್ತಬೇಕು. ಅಲ್ಲೂ ಒಂದೇ ಕಡ್ಡಿ. ಇವನು ಕಿರುಚಿದರೆ ಗುಡ್ಡದ ಬುಡದ ಏಳು ಮನೆಗೂ ಫೋನಿಲ್ಲದೆಯೇ ಕೇಳುತ್ತದೆ. “ಇದೆಂತ ಗುಟ್ಟು?” ಎಂದು ನಾನು ಬೈದದ್ದಕ್ಕೆ ಒಂದು ಉಪಾಯ ಹುಡುಕಿದ: ಅರೆಭಾಷೆಯಲ್ಲಿ ಮಾತಾಡುವುದು. ಮನೆಮನೆಯಲ್ಲೂ ಅದನ್ನೇ ಆಡುವ ಸಂಪಾಜೆಯಲ್ಲಿ ಅರೆಭಾಷೆ! ಅರ್ಥವಾಗದೆ ಉಳಿದವರು ಫೋನಿನ ಆಚೆಯ ಬಯಲುಸೀಮೆಯ ಸಾಹೇಬರು ಮತ್ತು ಏಳು ಮನೆಗಳಲ್ಲಿದ್ದ ಎರಡು ಬ್ಯಾರಿ ಮುಸ್ಲಿಂ ಮನೆಯವರು ಮಾತ್ರ.

ಆಟಿ ತಿಂಗಳಲ್ಲಿ ಮಳೆ ಬಿಡದೆ ಹೊಡೆಯಿತು. ಒಂದು ಮಧ್ಯಾಹ್ನ ಬಂಡೆಯ ಮೇಲಿಂದ ಕೂಗು. ಅರೆಭಾಷೆಯೂ ಅಲ್ಲ, ಎಲ್ಲರಿಗೂ ತಿಳಿಯುವ ಕನ್ನಡ!

“ಗುಡ್ಡ ಬಿರುಕು ಬಿಟ್ಟದ್ದು ಹೌದು ಸಾರ್! ಏಳು ಮನೆಯ ತಲೆ ಮೇಲೆಯೇ ಉಂಟು ಸಾರ್! ಇವತ್ತೇ ಜಾರಬಹುದು ಸಾರ್! ಇಲ್ಲ ಸಾರ್, ಆರ್ಡರ್ ಬರುವವರೆಗೆ ಯಾರಿಗೂ ಹೇಳುದಿಲ್ಲ!”

ಅವನು ಬಂಡೆ ಇಳಿಯುವುದರೊಳಗೆ ಏಳು ಮನೆಯವರೂ ಹಸು, ಕೋಳಿ, ಟಿ.ವಿ. ಸಮೇತ ಶಾಲೆಯ ದಾರಿ ಹಿಡಿದಿದ್ದರು. ಸಂಜೆಗೆ ಗುಡ್ಡ ಜಾರಿತು. ನಾಲ್ಕು ಮನೆ ಮಣ್ಣಿನಡಿ ಹೋದವು. ಮನುಷ್ಯರು ಒಬ್ಬರೂ ಹೋಗಲಿಲ್ಲ.

ವಾರದಲ್ಲಿ ಸಾಹೇಬರು ಬಂದರು. ಗುಟ್ಟು ಬಿಟ್ಟುಕೊಟ್ಟದ್ದು ಇವನೇ ಎಂದಾದರೆ ಕೆಲಸ ಹೋಗುತ್ತದೆ. ಶಾಲೆಯ ಜಗಲಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು, “ಇವರು ಕೂಗಿದ್ದು ಕೇಳಿಸ್ತಾ?”

“ಮಳೆಗೆ ಕಿವಿಯೇ ಕೇಳುದಿಲ್ಲ ಸಾರ್,” ಎಂದಳು ಒಬ್ಬ ಬ್ಯಾರ್ತಿ ಅಜ್ಜಿ.

“ಮತ್ತೆ ಮನೆ ಬಿಟ್ಟಿದ್ದು ಯಾಕೆ?”

“ಹಸು ಹೊರಟಿತು. ನಾವು ಹಿಂದೆ ಹೋದದ್ದು.”

ಸಾಹೇಬರು ಫೋನನ್ನು ಮಾತ್ರ ಕಿತ್ತುಕೊಂಡು ಹೋದರು. ಕೆಲಸ ಉಳಿಯಿತು.

ನನಗೆ ಸಿಟ್ಟು ಇಳಿದಿರಲಿಲ್ಲ. “ಸ್ವಲ್ಪ ಮೆಲ್ಲ ಮಾತಾಡ್ಲಿಕ್ಕೆ ಎಂತ ಧಾಡಿ ನಿಂಗೆ? ಆ ಸಾಹೇಬನಿಗೆ ಕೇಳಿದ್ರೆ ಸಾಕಿತ್ತಲ್ಲ?”

ಅವನು ನನ್ನ ಮುಖ ನೋಡಲಿಲ್ಲ. ಆ ದೊಡ್ಡ ಗಂಟಲಿನವನು ನನಗೊಬ್ಬಳಿಗೆ ಕೇಳುವಷ್ಟೇ ಹೇಳಿದ:

“ಸಾಹೇಬರ ಹತ್ತಿರ ಬೆಳಿಗ್ಗೆಯೇ ಮಾತಾಡಿ ಆಗಿತ್ತು ಅಕ್ಕ. ಮಧ್ಯಾಹ್ನ ಕೂಗುವಾಗ ನನ್ನ ಫೋನು ಆಫ್ ಇತ್ತು.”