ಲೆಫ್ಕರಾದಲ್ಲಿ ನನ್ನ ಮೊದಲ ವ್ಯಾಪಾರ

ಒಂದೇ ಒಂದು ದಿನದ ಮಟ್ಟಿಗೆ ಜಗತ್ತಿನ ಅತ್ಯಂತ ತಾಳ್ಮೆಯ ಗಂಡನಾಗಿ ತೋರಿಸುತ್ತೇನೆಂದು ನಾನು ಪಣತೊಟ್ಟದ್ದು ಕಳೆದ ಮೇ ತಿಂಗಳಲ್ಲಿ. ಮಗಳು ಆಂಥಿಯಾಳ ಮದುವೆಗೆ ಕಸೂತಿಯ ಮೇಜುಬಟ್ಟೆ ಆಗಬೇಕಿತ್ತು. ಅದಕ್ಕಾಗಿ ನನ್ನ ಹೆಂಡತಿ ಮಿರೋಫೋರಾ ನಮ್ಮ ದ್ವೀಪದ ಬಂದರು ಊರು ಲಾರ್ನಕಾದಿಂದ ನನ್ನನ್ನೂ ಕರೆದುಕೊಂಡು ಲೆಫ್ಕರಾಕ್ಕೆ ಹೊರಟಿದ್ದಳು. ಗುಡ್ಡದ ಮೇಲಿನ ಆ ಹಳೇ ಊರಿನಲ್ಲಿ ಹೆಂಗಸರು ಶತಮಾನಗಳಿಂದ ಕಸೂತಿ ಹಾಕುತ್ತಿದ್ದಾರೆ, ಗಂಡಂದಿರು ಶತಮಾನಗಳಿಂದ ಅಂಗಡಿಯ ಹೊರಗೆ ಕಾಯುತ್ತಿದ್ದಾರೆ.

"ಗಡಿಯಾರ ನೋಡಲ್ಲ, ಅವಸರ ಮಾಡಲ್ಲ, ನಿಟ್ಟುಸಿರು ಬಿಡಲ್ಲ" ಎಂದು ಘೋಷಿಸಿದೆ.

"ನಿಟ್ಟುಸಿರು ಬಿಡದೆ ನೀನು ಕಾರಿನ ಬಾಗಿಲನ್ನೂ ತೆಗೆಯಲ್ಲ, ಹರಿಲಾವೋಸ್" ಎಂದಳು ಮಿರೋ.

ಮೊದಲ ಮೂರು ಅಂಗಡಿಗಳಲ್ಲಿ ನಾನು ಸಂತನಂತೆ ನಿಂತೆ. ನಾಲ್ಕನೆಯದರ ಹೊತ್ತಿಗೆ ನನ್ನ ಸಂತತನ ಮೊಣಕಾಲಿಗೆ ಇಳಿದಿತ್ತು. ಎದುರು ಮನೆಯ ಬಾಗಿಲಲ್ಲಿ, ಮಡಿಲ ಮೇಲೆ ದಿಂಬಿಟ್ಟುಕೊಂಡು ಸೂಜಿ ಆಡಿಸುತ್ತಿದ್ದ ಮುದುಕಿಯೊಬ್ಬಳು ನನ್ನ ಅವಸ್ಥೆ ನೋಡಿ ಕುರ್ಚಿ ತೋರಿಸಿದಳು. ಹೆಸರು ಮರಿಕ್ಕೂ ಅಜ್ಜಿ, ವಯಸ್ಸು ಎಂಬತ್ತು ದಾಟಿದೆ, ಕನ್ನಡಕ ಇಲ್ಲ. ಕಾಫಿ ಮಾಡಿ ತರುತ್ತೇನೆ, ಅಲ್ಲಿಯವರೆಗೆ ಬೆಕ್ಕು ಬಟ್ಟೆಗಳ ಮೇಲೆ ಹತ್ತದ ಹಾಗೆ ನೋಡಿಕೋ ಎಂದು ಹೇಳಿ ಒಳಗೆ ಹೋದಳು.

ಬೆಕ್ಕು ಬರಲಿಲ್ಲ. ಬಂದವರು ಪ್ರವಾಸಿಗರು. ಅಗಲ ಟೊಪ್ಪಿಯ, ಎತ್ತರದ ಹೆಂಗಸೊಬ್ಬಳು ಕಿಟಕಿಯ ಕಟ್ಟೆಯ ಮೇಲೆ ಹರಡಿದ್ದ, ಕೆನೆಬಣ್ಣಕ್ಕೆ ತಿರುಗಿದ ಬಟ್ಟೆಯನ್ನು ಮುಟ್ಟಿ ಬೆಲೆ ಕೇಳಿದಳು. ಬಂದರಿನ ಸುಂಕದ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಬೆಲೆ ಹೇಳುವುದೇನು ದೊಡ್ಡ ಕೆಲಸವೇ? ಪಕ್ಕದ ಮೇಜಿನ ಮೇಲಿದ್ದ ಪುಟ್ಟ ತುಂಡುಗಳ ಗಂಟಿಗೆ ಬೆಲೆಯ ಚೀಟಿ ಚುಚ್ಚಿದ್ದರು. ಅದನ್ನೇ ತೋರಿಸಿದೆ. ಆಕೆ ಚೌಕಾಸಿ ಮಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಹೆಮ್ಮೆ ಬಂತು. ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ತಲೆ ಬಾಗಿಸಿ ಕೊಟ್ಟೆ.

ಅಜ್ಜಿ ಕಾಫಿ ತಂದಳು. ನಾನು ಜಾದೂಗಾರನಂತೆ ಅವಳ ಕೈಗೆ ದುಡ್ಡಿಟ್ಟೆ. ಅವಳು ಅದನ್ನು ನೋಡಲೇ ಇಲ್ಲ, ಕಿಟಕಿಯನ್ನು ನೋಡಿದಳು. ನಿಧಾನವಾಗಿ ಕುಳಿತಳು.

"ಅದು ಮಾರೋದಲ್ಲ, ಮಗಾ. ನಮ್ಮಮ್ಮ ಕಸೂತಿ ಹಾಕಿದ್ದು. ವರ್ಷಕ್ಕೊಂದು ಸಲ ಗಾಳಿಗೆ ಇಡ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಕಾಫಿ ಆರುತ್ತೆ ಕುಡಿ ಎಂದಳು. ಆ ಮಾತು ಕೇಳಿದ ಮೇಲೆ ಕೂರಲಾಗದೆ ಟೊಪ್ಪಿಯ ಹೆಂಗಸನ್ನು ಹುಡುಕಿಕೊಂಡು ಓಡಿದೆ.

ಲೆಫ್ಕರಾದ ಓಣಿಗಳು ಹತ್ತುವವರಿಗಾಗಿ ಮಾಡಿದವು, ಓಡಿ ಇಳಿಯುವ ಅರವತ್ತೆರಡರ ಗಂಡಸಿಗಾಗಿ ಅಲ್ಲ. ಕಲ್ಲುಗಳ ಮೇಲೆ ಅರ್ಧ ಓಡುತ್ತಾ, ಅರ್ಧ ಜಾರುತ್ತಾ ಪ್ರವಾಸಿಗರ ಬಸ್ಸುಗಳು ನಿಂತಲ್ಲಿಗೆ ಬಂದೆ. ಮೊದಲು ಸಿಕ್ಕಿದ ಬಸ್ಸಿಗೆ ಹತ್ತಿ, ಏದುಸಿರು ಬಿಡುತ್ತಾ, ಕಸೂತಿಯ ಬಗ್ಗೆ, ಒಬ್ಬ ತಾಯಿಯ ಬಗ್ಗೆ, ಕೈತಪ್ಪಿದ ಆಸ್ತಿಯ ಬಗ್ಗೆ ಮಾತಾಡಿದೆ. ನಲವತ್ತು ಜನ ಭಕ್ತಿಯಿಂದ ಕೇಳಿದರು. ಕೊನೆಗೆ ಚಪ್ಪಾಳೆ ತಟ್ಟಿದರು. ಅವರ ಪ್ರವಾಸದ ಗೈಡ್ ನಾನೇ ಎಂದುಕೊಂಡಿದ್ದರಂತೆ. ಒಬ್ಬರು ಶೌಚಾಲಯ ಎಲ್ಲಿ ಎಂದೂ ವಿಚಾರಿಸಿದರು. ಟೊಪ್ಪಿಯ ಹೆಂಗಸು ಮಾತ್ರ ಅಲ್ಲಿರಲಿಲ್ಲ.

ಇಳಿದರೆ ಎದುರಿಗೆ ಮಿರೋ. ಕೈಯಲ್ಲಿ ಮೇಜುಬಟ್ಟೆಯ ಪೊಟ್ಟಣ, ಮುಖದಲ್ಲಿ ಮೂರು ಗಂಟೆ ಹುಡುಕಿ ಗೆದ್ದವಳ ಕಳೆ. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಕುರ್ಚಿ ಮೇಲೆ ಸುಮ್ಮನೆ ಕೂರೋದು ಅಷ್ಟು ಕಷ್ಟವಾಯ್ತಾ?"

ಆಮೇಲೆ ನನ್ನನ್ನು ನೇರ ಚೌಕದ ಕಾಫಿ ಅಂಗಡಿಗೆ ಕರೆದೊಯ್ದಳು. ಒಳ್ಳೆಯದು ಅಗ್ಗಕ್ಕೆ ಸಿಕ್ಕವರು ಮೊದಲು ಅದನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಸರಿಯಾಗಿತ್ತು. ಟೊಪ್ಪಿಯ ಹೆಂಗಸು ಮೊಣಕಾಲ ಮೇಲೆ ಬಟ್ಟೆ ಹರಡಿಕೊಂಡು ಗೆಳತಿಯರಿಗೆ ತೋರಿಸುತ್ತಿದ್ದಳು.

ನನಗೆ ಬರುವುದು ಸುಂಕದ ಕಚೇರಿಯ ಇಂಗ್ಲಿಷ್. ಸರಕನ್ನು ಕೂಡಲೇ ಹಿಂದಿರುಗಿಸತಕ್ಕದ್ದು ಎಂದೆ. ಆಕೆ ಬಟ್ಟೆಯನ್ನು ಎದೆಗವುಚಿಕೊಂಡಳು. ಮಿರೋ ನನ್ನನ್ನು ಪಕ್ಕಕ್ಕೆ ಸರಿಸಿ, ಆಕೆಯ ಬಳಿ ಕುಳಿತಳು. ಬಟ್ಟೆಯ ಮೂಲೆ ತಿರುಗಿಸಿ, ಅಲ್ಲಿ ಹೊಲಿದಿದ್ದ ಪುಟ್ಟ ಅಕ್ಷರವೊಂದನ್ನು ತೋರಿಸಿ, ಅದು ಯಾರ ಹೆಸರು, ಆ ಹೆಸರಿನವಳ ಮಗಳು ಈಗ ಹೇಗೆ ಕೂತಿದ್ದಾಳೆ ಎಂದು ಮೆಲ್ಲಗೆ ಹೇಳಿದಳು.

ಆಕೆ ಬಹಳ ಹೊತ್ತು ಆ ಅಕ್ಷರವನ್ನೇ ನೋಡಿದಳು. ಇಷ್ಟು ಅಗ್ಗ ಹೇಗೆಂದು ತನಗೂ ಅನ್ನಿಸಿತ್ತು, ಅದಕ್ಕೇ ಬೇಗಬೇಗ ಹೊರಟುಬಂದೆ ಎಂದು ಒಪ್ಪಿಕೊಂಡಳು. ಬಟ್ಟೆ ಮಡಚಿದಳು. ಆದರೆ ಅದು ಕಾಯಿಲೆಯ ತಂಗಿಗೆಂದು ಕೊಂಡದ್ದಂತೆ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದಳು. ಮಿರೋ ತನ್ನ ಪೊಟ್ಟಣವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಮೂವತ್ತಾರು ವರ್ಷದ ಸಂಸಾರದಲ್ಲಿ ನಾನು ಅಷ್ಟು ಚಿಕ್ಕವನಾದದ್ದು ಅದೇ ಮೊದಲು.

ಮರಿಕ್ಕೂ ಅಜ್ಜಿ ನಾಲ್ಕೂ ಮೂಲೆ ಪರೀಕ್ಷಿಸಿ, ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ, ಎಷ್ಟಕ್ಕೆ ಕೊಟ್ಟಿದ್ದೆ ಎಂದು ನನ್ನನ್ನು ಕೇಳಿದಳು. ಚೀಟಿ ತೋರಿಸಿದೆ. ಅಲ್ಲಿಯವರೆಗೆ ಶಾಂತವಾಗಿದ್ದ ಮುಖ ಕೆಂಪಾಯಿತು.

"ಇದು ಕಾಫಿ ಲೋಟದ ಕೆಳಗೆ ಹಾಕೋ ತುಂಡಿನ ಬೆಲೆ! ನಮ್ಮಮ್ಮ ನಾಲ್ಕು ಚಳಿಗಾಲ ಕೂತಿದ್ದಳಪ್ಪಾ."

ಅವಳು ಮಿರೋಳ ಕೈಹಿಡಿದು ಕೂರಿಸಿ, ಪೆಟ್ಟಿಗೆ ತೆರೆದು, ಮದುವೆಗೆ ತಕ್ಕ ಬಟ್ಟೆಗಳನ್ನು ಒಂದೊಂದಾಗಿ ತೆಗೆದಳು. ಬೆಳಕಿಗೆ ಹಿಡಿದು ನೋಡಲು ಗೂಟವೊಂದು ಬೇಕಿತ್ತು. ನನ್ನನ್ನು ಓಣಿಯಲ್ಲಿ ನಿಲ್ಲಿಸಿ, ಎರಡು ಕೈಗೂ ಬಟ್ಟೆಯ ಒಂದೊಂದು ಮೂಲೆ ಕೊಟ್ಟರು. ಬಾಯಿ ತೆರೆಯಕೂಡದೆಂದು ಅಪ್ಪಣೆಯಾಯಿತು.

ಆಗ ಹಾದುಹೋಗುತ್ತಿದ್ದ ಇನ್ನೊಬ್ಬ ಪ್ರವಾಸಿ ಹೆಂಗಸು ನಿಂತು, ಇದಕ್ಕೆಷ್ಟು ಎಂದು ಕೇಳಿದಳು. ನಾನು ತುಟಿ ಬಿಗಿದುಕೊಂಡೆ.

ಪೆಟ್ಟಿಗೆಯಿಂದ ತಲೆ ಎತ್ತದೆ ಮಿರೋ ಹೇಳಿದಳು: "ಬಟ್ಟೆಗೆ ಬೆಲೆ ಇದೆ. ಹಿಡಿದುಕೊಂಡು ನಿಂತಿರೋದು ಬೇಕಾದ್ರೆ ಪುಕ್ಕಟೆ ತಗೊಂಡು ಹೋಗಿ."

ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಿಂದಕ್ಕೆ ಸುತ್ತಿ ಬಂದು ಇನ್ನೊಮ್ಮೆ ನೋಡಿದಳು. ಆಮೇಲೆ ಮರ್ಯಾದೆಯಿಂದ, ಸದ್ಯಕ್ಕೆ ಬೇಡವೆಂದು ಹೇಳಿ ಹೊರಟುಹೋದಳು.