ಭಾವನವರ ಪ್ರೆಶರ್ ಡೈರಿ

ನಮ್ಮ ಭಾವನಿಗೆ ಪ್ರೆಶರ್ ಇಲ್ಲ. ಆದರೆ ಕುವೈತಿನಲ್ಲಿರುವ ನಮ್ಮ ಬಂಧುಬಳಗದಲ್ಲಿ ಯಾರಿಗೆಲ್ಲ ಪ್ರೆಶರ್ ಇದೆಯೋ, ಅವರಲ್ಲಿ ಅರ್ಧ ಜನಕ್ಕೆ ಅದು ಬಂದದ್ದೇ ಭಾವನಿಂದ ಎಂದು ನನ್ನ ಬಲವಾದ ಅನುಮಾನ! ಇದನ್ನು ಅಕ್ಕನ ಎದುರಿಗೇ ಹೇಳಿದ್ದೇನೆ. "ಅರ್ಧ ಯಾಕೆ, ಪೂರ್ತಿ ಅನ್ನು" ಎಂದಳು ಅಕ್ಕ.

ಭಾವ ಎಂದರೆ ಅಕ್ಕನ ಗಂಡ. ಮಂಡ್ಯದ ಕಡೆಯವರು. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಒಂದು ರಿಫೈನರಿಯಲ್ಲಿ ಎಂಜಿನಿಯರ್. ದೊಡ್ಡ ದೊಡ್ಡ ಪೈಪುಗಳ ಮೇಲೆ ದುಂಡನೆಯ ಗೇಜುಗಳು ಕೂತಿರುತ್ತವಲ್ಲ, ಒಳಗಿನ ಪ್ರೆಶರ್ ಎಷ್ಟೆಂದು ಮುಳ್ಳು ತಿರುಗಿಸಿ ತೋರಿಸುವಂಥವು, ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು ಅವರ ಕೆಲಸ. ಕೆಲಸ ಒಳ್ಳೆಯದೇ. ತೊಂದರೆ ಏನೆಂದರೆ, ಅದು ಸಂಜೆ ಡ್ಯೂಟಿ ಬಿಟ್ಟ ಮೇಲೂ ಮುಗಿಯುವುದಿಲ್ಲ.

ಲೋಕದ ಜನ ಪ್ರೆಶರ್ ಎಂಬ ಪದವನ್ನು ಬಾಯಿಗೆ ಬಂದ ಹಾಗೆ ಬಳಸುತ್ತಾರೆ ಎಂಬುದು ಭಾವನ ಜೀವನದ ದೊಡ್ಡ ಕೊರಗು. ಅದಕ್ಕಾಗಿ ಅವರೊಂದು ಡೈರಿ ಇಟ್ಟಿದ್ದಾರೆ. ಅದರಲ್ಲಿ ಗೆರೆ ಎಳೆದು ಮೂರು ಕಾಲಂಗಳು: ಯಾರು, ಅವರ ಕಸುಬಿನಲ್ಲಿ ಪ್ರೆಶರ್ ಎಂದರೇನು, ಅದನ್ನು ಅಳೆಯುವ ಯೂನಿಟ್ ಯಾವುದು. ಯಾರು ಮನೆಗೆ ಬಂದರೂ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಡೈರಿ ಹೊರಗೆ ಬರುತ್ತದೆ. ಅಳೆಯಲಾಗದ್ದನ್ನು ಪ್ರೆಶರ್ ಎಂದು ಕರೆಯಲು ಯಾರಿಗೂ ಹಕ್ಕಿಲ್ಲವಂತೆ!

ಮೊದಲು ಸಿಕ್ಕಿಬಿದ್ದವಳು ಅಕ್ಕನೇ. ಕುಕ್ಕರಿಟ್ಟು, "ರೀ, ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ" ಎಂದು ಸ್ನಾನಕ್ಕೆ ಹೋದಳು. ಬಂದು ನೋಡಿದರೆ ಕುಕ್ಕರ್ ಕೂಗುತ್ತಲೇ ಇದೆ, ಭಾವ ಅದರ ಮುಂದೆ ಕೈಕಟ್ಟಿ ನಿಂತಿದ್ದಾರೆ.

"ವಿಷಲ್ ಅನ್ನೋದು ಯೂನಿಟ್ ಅಲ್ಲ ಕಣೆ. ಮೂರು ಕೂಗಿದ್ರೂ ಮೂವತ್ತು ಕೂಗಿದ್ರೂ ಒಳಗಿನ ಪ್ರೆಶರ್ ಒಂದೇ. ಅದನ್ನೇ ನೋಡ್ತಾ ಇದ್ದೆ."

"ಸರಿ ಹಾಗಾದ್ರೆ, ಮೂವತ್ತು ವಿಷಲ್‌ನ ಅನ್ನ ನೀವೇ ತಿನ್ನಿ."

ತಿಂದರು. ಸ್ಪೂನಿನಲ್ಲಿ ತಿಂದರು, ಏಕೆಂದರೆ ಅದು ಕೈಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಆದರೂ ಡೈರಿಯಲ್ಲಿ 'ಗೃಹಿಣಿ' ಎಂದು ಬರೆದು, ಯೂನಿಟ್ ಕಾಲಂನಲ್ಲಿ 'ವಿಷಲ್' ಎಂದು ಬರೆದು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದರು.

ಅಕ್ಕನ ಮನೆ ಹವಲ್ಲಿಯ ಹಳೆಯ ಕಟ್ಟಡವೊಂದರ ಆರನೆಯ ಮಹಡಿಯಲ್ಲಿದೆ. ಬೇಸಿಗೆಯಲ್ಲಿ ನಲ್ಲಿಯಿಂದ ನೀರು ನೂಲಿನಂತೆ ಇಳಿಯುತ್ತದೆ. ಕಟ್ಟಡ ನೋಡಿಕೊಳ್ಳುವವನನ್ನು ಇಲ್ಲಿ ಹಾರಿಸ್ ಎನ್ನುತ್ತಾರೆ. ನಮ್ಮ ಹಾರಿಸ್ ಈಜಿಪ್ಟಿನ ಮುದುಕ. ಉಳಿದ ಬಾಡಿಗೆದಾರರು ಅವನ ಹತ್ತಿರ ಹೋಗಿ "ನೀರಿಲ್ಲ" ಎಂದು ಕೂಗಾಡಿ ಬರುತ್ತಾರೆ. ಭಾವ ಹೋಗಿ, ತಮಗೆ ಬರುವ ಹರಕುಮುರುಕು ಅರಬ್ಬಿಯಲ್ಲಿ, ಪಂಪಿನ ಪ್ರೆಶರ್ ಎಷ್ಟು ಎಂದು ಕೇಳಿದರು. ಅವನು ಎರಡು ಬೆರಳು ಹತ್ತಿರ ತಂದು "ಶ್ವಯ್ಯ" ಎಂದ. ಸ್ವಲ್ಪ ಎಂದರ್ಥ. ಭಾವ ಬಿಡಬೇಕಲ್ಲ, ಸ್ವಲ್ಪ ಎಂದರೆ ಎಷ್ಟು ಎಂದರು. ಅವನು ಬಹಳ ಹೊತ್ತು ಯೋಚಿಸಿ, "ಶ್ವಯ್ಯ ಶ್ವಯ್ಯ" ಎಂದ. ಡೈರಿಯಲ್ಲಿ ಅದೂ ದಾಖಲಾಗಿದೆ. ಎರಡು ಶ್ವಯ್ಯ.

ನನ್ನ ಗಂಡ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ಹಿಡಿದುಕೊಂಡು ಬರುವವರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ, "ಇಲ್ಲಿ ಪ್ರೆಶರ್ ಕೊಟ್ರೆ ನೋವಾಗುತ್ತಾ?" ಎಂದು ಕೇಳುವುದು ಅವರ ವೃತ್ತಿ. "ಎಷ್ಟು ಕೊಡ್ತೀರಿ?" ಎಂದರು ಭಾವ. ಪಾಪ, ನನ್ನ ಗಂಡ "ಅಂದಾಜಿನ ಮೇಲೆ" ಎಂದುಬಿಟ್ಟರು! ಅಂದಾಜು! ಆ ಮಾತು ಕೇಳಿ ಭಾವನ ಮುಖ ಬಿಳಿಚಿಕೊಂಡಿತು. ತೂಕ ನೋಡುವ ಮಷೀನನ್ನು ಊಟದ ಟೇಬಲ್ಲಿನ ಮೇಲೆ ತಂದಿಟ್ಟು ಒತ್ತಿಸಿದರು. ಬಲ ಹೆಬ್ಬೆರಳು ಹನ್ನೊಂದು ಕೆಜಿ, ಎಡ ಹೆಬ್ಬೆರಳು ಎಂಟು. ಅಂದಿನಿಂದ ನನ್ನ ಗಂಡನಿಗೆ ರೋಗಿಯ ಎಡಭಾಗಕ್ಕೆ ಅನ್ಯಾಯ ಮಾಡುತ್ತಿದ್ದೇನೆ ಎಂಬ ಪಾಪಪ್ರಜ್ಞೆ ಅಂಟಿಕೊಂಡಿದೆ.

ನಾನು ಕುವೈತ್ ಸಿಟಿಯ ಬ್ಯಾಂಕೊಂದರಲ್ಲಿದ್ದೇನೆ. ಎರಡು ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವ ವಿಭಾಗ. ನನ್ನ ಸರದಿ ಬಂದಾಗ, "ನಮ್ಮಲ್ಲಿ ಪ್ರೆಶರ್ ಮೇಲಿನಿಂದ ಬರುತ್ತೆ ಭಾವ, ತಿಂಗಳ ಕೊನೇಲಿ" ಎಂದೆ.

"ಸೇಫ್ಟಿ ವಾಲ್ವ್ ಯಾವುದು?"

"ಟೀ ಬ್ರೇಕ್."

"ಜಾಸ್ತಿ ಆದ್ರೆ ಏನ್ಮಾಡ್ತೀರಿ?"

"ತಾಳೆ ಆಗೋವರೆಗೂ ಮತ್ತೆ ಮತ್ತೆ ನೋಡ್ತೀವಿ" ಎಂದೆ. ಅದನ್ನೂ ಬರೆದುಕೊಂಡರು.

ಹತ್ತನೇ ಕ್ಲಾಸಿನ ಅವರ ಮಗಳನ್ನೂ ಬಿಡಲಿಲ್ಲ. ಹೊಸ ಫೋನ್ ಬೇಕೆಂದು ಹಟ ಹಿಡಿದವಳು, "ಇಟ್ಸ್ ಪಿಯರ್ ಪ್ರೆಶರ್, ಪಪ್ಪಾ, ಯು ವೋಂಟ್ ಗೆಟ್ ಇಟ್" ಎಂದಳು. ಭಾವ ಡೈರಿ ತೆಗೆದು, ಒಟ್ಟು ಗೆಳತಿಯರೆಷ್ಟು, ಯಾರ್‍ಯಾರಿಂದ ಎಷ್ಟೆಷ್ಟು ಪ್ರೆಶರ್, ದಿನದ ಯಾವ ಹೊತ್ತಿನಲ್ಲಿ ಜಾಸ್ತಿ ಎಂದು ವಿಚಾರಣೆ ಶುರು ಮಾಡಿದರು. ಮೂರನೇ ಗೆಳತಿಗೆ ಬರುವಷ್ಟರಲ್ಲಿ ಹುಡುಗಿ "ಐ ಡೋಂಟ್ ವಾಂಟ್ ದ ಫೋನ್!" ಎಂದು ಕೋಣೆಗೆ ಓಡಿದಳು. ಮಕ್ಕಳ ಹಟ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗಾದರೂ ಗೊತ್ತೇ?

ಭಾವನಿಗೆ ಇನ್ನೂ ಒಂದು ಚಾಳಿ ಇದೆ. ಅವರ ಕಸುಬಿನಲ್ಲಿ ಯಾವ ಗೇಜನ್ನೂ ರಿಪೇರಿ ಮಾಡುವ ಮೊದಲು, ಅದು ಆಗ ಎಷ್ಟು ತೋರಿಸುತ್ತಿತ್ತು ಎಂದು ಬರೆದಿಡಬೇಕಂತೆ. ಆಮೇಲೆ ಸರಿಮಾಡಿ, ಈಗ ಎಷ್ಟು ಎಂದು ಬರೆಯಬೇಕು. ಮೊದಲನೆಯದು 'ಕಂಡಂತೆ', ಎರಡನೆಯದು 'ಬಿಟ್ಟಂತೆ'. ನಮ್ಮ ಮನೆಗೆ ಬಂದರೆ ಗೋಡೆ ಗಡಿಯಾರದ ಬೆನ್ನಿಗೆ ಚೀಟಿ ಅಂಟಿಸಿ ಹೋಗುತ್ತಾರೆ. ಕಂಡಂತೆ: ಏಳು ನಿಮಿಷ ಹಿಂದೆ. ಬಿಟ್ಟಂತೆ: ಸರಿ. ಕೆಳಗೆ ತಾರೀಖು, ಸಹಿ. ನಮ್ಮ ತೂಕದ ಮಷೀನ್, ಜ್ವರದ ಥರ್ಮಾಮೀಟರ್, ಎಲ್ಲಕ್ಕೂ ಇಂಥ ಚೀಟಿಗಳಿವೆ.

ಇದನ್ನೆಲ್ಲ ನಗುನಗುತ್ತಾ ಸಹಿಸಿಕೊಂಡಿದ್ದ ನಾನು ಸೀಮಂತದ ದಿನ ತಾಳ್ಮೆ ಕಳೆದುಕೊಂಡೆ. ಮೂವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಸಿರು. ಅಕ್ಕನ ಮನೆಯಲ್ಲೇ ಸೀಮಂತ. ಹಸಿರು ಬಳೆ ತೊಟ್ಟು ಕುರ್ಚಿಯಲ್ಲಿ ಕೂತಿದ್ದೇನೆ, ಸುತ್ತಲೂ ಹೆಂಗಸರು. ಯಾರೋ ಒಬ್ಬ ಹಿರಿಯಾಕೆ, "ಹುಷಾರಮ್ಮ, ನಂಗೂ ಬಸುರಿಯಾಗಿದ್ದಾಗಲೇ ಪ್ರೆಶರ್ ಬಂದಿದ್ದು" ಎಂದರು. ಬಾಗಿಲಲ್ಲಿ ನಿಂತಿದ್ದ ಭಾವನ ಕಿವಿ ನೆಟ್ಟಗಾಯಿತು.

"ಗೇಜ್ ಪ್ರೆಶರ್ರಾ, ಅಬ್ಸಲ್ಯೂಟಾ?"

"ಇಲ್ಲಪ್ಪ, ಬೆಳಿಗ್ಗೆ ಒಂದು ಟ್ಯಾಬ್ಲೆಟ್ಟು" ಎಂದರು ಆಕೆ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಭಾವ ಅಲ್ಲಿಗೂ ಸುಮ್ಮನಾಗದೆ ನನ್ನ ಕಡೆ ತಿರುಗಿ, ಡಾಕ್ಟರುಗಳು ಪ್ರೆಶರನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ನಮ್ಮ ಲೆಕ್ಕದಲ್ಲಿ ನಿನ್ನದು ಬರೀ ಸೊನ್ನೆ ಪಾಯಿಂಟ್ ಒಂದು ಆರು ಬಾರ್, ಕಾರಿನ ಟೈರಿಗೆ ಇದರ ಹದಿನಾಲ್ಕು ಪಟ್ಟು ಬೇಕು ಎಂದು ವಿವರಿಸತೊಡಗಿದರು. ನಿನ್ನ ಬಿ.ಪಿ. ಮಷೀನು ತಾ, ಒಂದು ಸಲ ಚೆಕ್ ಮಾಡಿ ಕೊಡುತ್ತೇನೆ ಎಂದರು. ನನಗೆ ರೇಗಿಹೋಯಿತು.

"ಭಾವ, ಇದು ರಿಫೈನರಿ ಅಲ್ಲ. ನಾನು ಪೈಪೂ ಅಲ್ಲ. ದಯವಿಟ್ಟು ನನ್ನ ವಿಷಯಕ್ಕೆ ಬರಬೇಡಿ."

ಎಲ್ಲರ ಎದುರು ಅಂದುಬಿಟ್ಟೆ. ಭಾವ "ಆಯ್ತಮ್ಮ" ಎಂದು ಒಳಗೆ ಹೋದರು. ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿರುತ್ತಿದ್ದರು. ಗಡಿಯಾರದ ಕಡೆಗೂ ನೋಡುತ್ತಿರಲಿಲ್ಲ.

ನನ್ನ ಆಸೆ ಒಂದೇ ಇತ್ತು. ಚೊಚ್ಚಲ ಬಾಣಂತನ ಮೈಸೂರಿನಲ್ಲಿ ಅಮ್ಮನ ಹತ್ತಿರ ಆಗಬೇಕು. ಏಳು ತಿಂಗಳು ದಾಟಿದ ಬಸುರಿಯನ್ನು ವಿಮಾನ ಹತ್ತಿಸಬೇಕಾದರೆ ಡಾಕ್ಟರ ಪತ್ರ ಬೇಕು. ಕ್ಲಿನಿಕ್ಕಿನಲ್ಲಿ ನೋಡಿದಾಗ ಬಿ.ಪಿ. ಸ್ವಲ್ಪ ಮೇಲಿತ್ತು. "ಇಲ್ಲಿಗೆ ಬಂದಾಗ ಕೆಲವರಿಗೆ ಗಾಬರಿಗೆ ಏರುತ್ತೆ, ದಿನಾ ಮನೆಯಲ್ಲಿ ನೋಡಿ ಬರೆದಿಡಿ" ಎಂದರು ಡಾಕ್ಟರು. ಬರೆದಿಟ್ಟೆ. ಹದಿನೈದು ದಿನದ ನನ್ನ ಪಟ್ಟಿ ನೋಡಿ ಪತ್ರ ಕೊಟ್ಟರು. ಶನಿವಾರಕ್ಕೆ ಟಿಕೆಟ್ಟಾಯಿತು. ಅಮ್ಮ ಅಲ್ಲಿ ತೊಟ್ಟಿಲು ತೊಳೆದಿಟ್ಟಳು.

ಶುಕ್ರವಾರ ರಜೆ. ನನ್ನ ಗಂಡನಿಗೆ ಮಾತ್ರ ಡ್ಯೂಟಿ ಇತ್ತು. ಬೀಳ್ಕೊಡುಗೆಯ ಊಟಕ್ಕೆ ಅಕ್ಕ ನನ್ನನ್ನು ಕರೆಸಿಕೊಂಡಳು. ಬಿಸಿಬೇಳೆಬಾತಿನ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತಿತ್ತು, ಎರಡು ದಿನದಿಂದ ತಲೆನೋವು ಬೇರೆ. ಸೂಟ್‌ಕೇಸ್ ಕಟ್ಟಿದ ಆಯಾಸ ಎಂದುಕೊಂಡಿದ್ದೆ. ಡಾಕ್ಟರ ಪತ್ರವನ್ನು ಅಕ್ಕನಿಗೆ ತೋರಿಸಲು ತೆಗೆದಾಗ ಬಿ.ಪಿ. ಬರೆದ ಪುಸ್ತಕವೂ ಟೇಬಲ್ಲಿನ ಮೇಲೆ ಬಿತ್ತು. ಭಾವ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಇದ್ದಲ್ಲೇ ಬಗ್ಗಿ ಓದಿದರು.

"ಹದಿನೈದು ದಿನಾನೂ ನೂರಾ ಹದಿನೆಂಟು, ನೂರಾ ಇಪ್ಪತ್ತು" ಎಂದರು.

"ಚೆನ್ನಾಗಿದೆಯಲ್ಲ ಭಾವ."

"ತುಂಬಾ ಚೆನ್ನಾಗಿದೆ. ಅದಕ್ಕೇ ಕೇಳ್ತಿರೋದು. ಬೈಕೋಬೇಡಮ್ಮ, ಇದು ಬಿಟ್ಟಂತೆ. ಕಂಡಂತೆ ಎಷ್ಟಿತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ತಟ್ಟನೆ ಪುಸ್ತಕ ಮುಚ್ಚಿದೆ. ನಾನು ಮಾಡಿದ್ದು ಇಷ್ಟೇ. ಮೊದಲ ಸಲ ಅಂಕಿ ಜಾಸ್ತಿ ಬಂದರೆ ಎಡಕ್ಕೆ ಮಲಗಿ ಮತ್ತೆ ನೋಡುತ್ತಿದ್ದೆ. ಮತ್ತೆ ಜಾಸ್ತಿಯಿದ್ದರೆ ಮಷೀನಿನ ಪಟ್ಟಿಯನ್ನು ಇನ್ನೊಂದು ತೋಳಿಗೆ ಸುತ್ತಿ ಇನ್ನೊಮ್ಮೆ. ನಾಲ್ಕನೆಯದೋ ಐದನೆಯದೋ ಚೆನ್ನಾಗಿ ಬರುತ್ತಿತ್ತು. ಅದನ್ನು ಬರೆಯುತ್ತಿದ್ದೆ. ಸುಳ್ಳು ಬರೆಯುತ್ತಿದ್ದೇನೆಂದು ಒಮ್ಮೆಯೂ ಅನ್ನಿಸಿರಲಿಲ್ಲ! ಬ್ಯಾಂಕಿನಲ್ಲಿ ಹನ್ನೆರಡು ವರ್ಷ ನಾನು ಮಾಡಿದ್ದು ಅದನ್ನೇ ಅಲ್ಲವೇ, ತಾಳೆಯಾಗುವವರೆಗೆ ಮತ್ತೆ ನೋಡುವುದು.

"ಐದು ನಿಮಿಷ ಸುಮ್ನೆ ಕೂತ್ಕೊ. ಒಂದೇ ಸಲ ನೋಡೋಣ. ಒಂದೇ ಸಲ" ಎಂದರು ಭಾವ. ಅಕ್ಕನ ಮಷೀನಿನ ಪಟ್ಟಿಯನ್ನು ಅವರೇ ನನ್ನ ತೋಳಿಗೆ ಸುತ್ತಿದರು. ನೂರಾ ಅರವತ್ತೆರಡು, ನೂರಾ ಎಂಟು. ಭಾವ ಅದನ್ನು ಯಾವ ಡೈರಿಯಲ್ಲೂ ಬರೆಯಲಿಲ್ಲ. ಕಾರಿನ ಕೀ ತೆಗೆದುಕೊಂಡು, "ನಡಿ" ಎಂದರು.

"ನಾಳೆ ಫ್ಲೈಟಿದೆ ಭಾವ. ಊರಿಗೆ ಹೋಗಿ ತೋರಿಸ್ತೀನಿ" ಎಂದು ಅತ್ತೆ. ಬೇಡಿಕೊಂಡೆ. "ಇವತ್ತು ನೀನು ಎಷ್ಟು ಬೈದ್ರೂ ಕೇಳ್ತೀನಿ, ದಾರೀಲಿ ಬೈಯಿ" ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ವಾಪಸ್ ಕಳಿಸಲೇ ಇಲ್ಲ. ನಾಳೆ ವಿಮಾನದಲ್ಲಿ ಕೂತಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರಂತೆ. ಅದನ್ನು ಅಕ್ಕ ನನಗೆ ಹೇಳಿದ್ದು ಹೆರಿಗೆಯಾದ ಮೇಲೆ. ಭಾನುವಾರ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಒಂದು ಕೆಜಿ ಏಳುನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಇಟ್ಟುಕೊಳ್ಳಬೇಕು, ಆದರೆ ಚೆನ್ನಾಗಿದ್ದಾಳೆ ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ ಭಾವ ಒಬ್ಬರೇ ಬಂದರು. ಕೈಯಲ್ಲಿ ಟಿಫಿನ್ ಕ್ಯಾರಿಯರ್. ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತಾ, "ಅಮ್ಮನ ಹತ್ರ ಹೋಗೋದು ತಪ್ಪಿಸಿಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ" ಎಂದರು. ನನ್ನನ್ನೂ ನನ್ನ ಮಗಳನ್ನೂ ಉಳಿಸಿದವರು ನನ್ನ ಕ್ಷಮೆ ಕೇಳುತ್ತಿದ್ದರು! ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ತಪ್ಪಾಯಿತು ಭಾವ ಎನ್ನಬೇಕೆಂದು ಬಾಯಿ ತೆರೆದೆ, ಅಳು ಬಂತು.

ಅವರು ಗಡಿಬಿಡಿಯಿಂದ ಡಬ್ಬಿ ಬಿಚ್ಚಿದರು. ಮೆತ್ತಗಿನ ಅನ್ನ, ಮೆಣಸಿನ ಸಾರು. "ಮೈಸೂರಿಗೆ ಫೋನ್ ಮಾಡಿ ಅಮ್ಮನ್ನ ಕೇಳ್ದೆ, ಬಾಣಂತಿಗೆ ಏನು ಮಾಡ್ತೀರಿ ಅಂತ. ಮೆಣಸು ಎಷ್ಟು ಅಂದ್ರೆ ಒಂದು ಹಿಡಿ ಅಂದ್ರು. ಯಾರ ಹಿಡಿ ಅಂತ ನಾನೇನು ಕೇಳ್ಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಮಾಡಿದೆ. ಅಮ್ಮನ ಕೈರುಚಿ ಬಂದಿಲ್ಲ ಅನ್ಸುತ್ತೆ" ಎಂದರು.

ಬಂದಿರಲಿಲ್ಲ. ಖಾರಕ್ಕೆ ಕಿವಿಯಲ್ಲಿ ಹೊಗೆ ಬರುವಂತಿತ್ತು. "ಅಮ್ಮಂದೇ ಭಾವ, ಹಾಗೇ ಇದೆ" ಎಂದು ಹೇಳಿ, ಡಬ್ಬಿಯಲ್ಲಿ ಒಂದಗುಳೂ ಬಿಡದೆ ಉಂಡೆ.