ಅಧ್ಯಕ್ಷರನ್ನು ಮಾಡಹೊರಟವನು

ಹಗಲುಗನಸು ಕಾಣುವವರಿಗೆ ಮಸ್ಕತ್ತಿನ ಶುಕ್ರವಾರದ ಮಧ್ಯಾಹ್ನದಷ್ಟು ಹೇಳಿಮಾಡಿಸಿದ ಹೊತ್ತು ಇನ್ನೊಂದಿಲ್ಲ. ಹೊರಗೆ ಬೋಳುಗುಡ್ಡಗಳು ಬಿಸಿಲಿನಲ್ಲಿ ತೇಲುತ್ತಿರುತ್ತವೆ, ಒಳಗೆ ಏಸಿ ಒಂದೇ ರಾಗದಲ್ಲಿ ಗುನುಗುತ್ತಿರುತ್ತದೆ. ತೊಂಬತ್ತರ ಆಸುಪಾಸಿನ ಆ ವರ್ಷ ಹಾಗೆ ಮಲಗಿದಾಗಲೆಲ್ಲ ನನಗೆ ಬೀಳುತ್ತಿದ್ದದ್ದು ಒಂದೇ ಕನಸು: ನಾನು ಕಾರ್ಮಿಕ ನಾಯಕ, ನಾನು ಬೆರಳು ತೋರಿಸಿದ ಕಡೆ ಮತಗಳು ಉದುರುತ್ತವೆ.

ಇದಕ್ಕೆಲ್ಲ ಕಾರಣ ನಮ್ಮ ಕನ್ನಡ ಸಂಘದ ಅಧ್ಯಕ್ಷ ಚುನಾವಣೆ. ಒಂದು ಕಡೆ ಅಂಗಡಿ ಇಟ್ಟಿದ್ದ ಶೆಟ್ರು, ಇನ್ನೊಂದು ಕಡೆ ಮೈಸೂರಿನ ಇಂಜಿನಿಯರ್ ಮೂರ್ತಿಗಳು. ಇಬ್ಬರ ಬಲವೂ ಸಮಸಮ. ತಕ್ಕಡಿಯನ್ನು ಒಂದು ಕಡೆಗೆ ವಾಲಿಸಬಹುದಾಗಿದ್ದದ್ದು ಪೇಟೆಯಾಚೆಯ ರುಸೈಲ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿದ್ದ ನಮ್ಮೂರ ಕಡೆಯ ಕೆಲಸಗಾರರ ಮತ. ನಾನು ಅಲ್ಲಿ ಸ್ಟೋರ್‌ಕೀಪರ್. ಯೂನಿಯನ್ ಕಟ್ಟಲು ಆ ದೇಶದಲ್ಲಿ ಅವಕಾಶವಿರಲಿಲ್ಲ, ಆ ಶಬ್ದವನ್ನೂ ಅಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಆದರೆ ಹಿಂದೆ ಮಂಗಳೂರಿನ ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ ಧಿಕ್ಕಾರ ಕೂಗಿದ್ದ ಗಂಟಲು ನನ್ನದು, ಸುಮ್ಮನಿದ್ದೀತೇ? "ಸಂಘದಲ್ಲಾದ್ರೂ ಎಲ್ಲರೂ ಒಟ್ಟಾಗಿ ಮತ ಹಾಕುವ" ಎಂದೆ. ಎಲ್ಲರೂ ಒಪ್ಪಿದರು. ಅವರಿಗೆ ಬೇಕಾಗಿದ್ದದ್ದು ಸಂಘದ ಕಾರ್ಯಕ್ರಮಗಳಿಗೆ ಹೋಗಿಬರಲು ಅವರು ವಾಸವಿದ್ದ ಕ್ಯಾಂಪಿನಿಂದ ಒಂದು ಬಸ್ಸು, ಅಷ್ಟೇ.

ಓವನ್ ನೋಡಿಕೊಳ್ಳುತ್ತಿದ್ದ ಮೋನಪ್ಪ, "ಅಪರೂಪಕ್ಕಾದ್ರೂ ಹೆಂಗಸರು ಮಕ್ಕಳು ಇರುವಲ್ಲಿ ಕೂತು ಊಟ ಮಾಡ್ಬೇಕು ಅಂತ ಆಸೆ ಮಾರಾಯ್ರೆ" ಎಂದಾಗ ಬಸ್ಸಿನ ಬೇಡಿಕೆಯನ್ನು ನಾನು ಸ್ಟೋರಿನ ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟುಕೊಂಡೆ.

ಸರಿ, ಅಭ್ಯರ್ಥಿಗಳು ನಮ್ಮ ಮನೆಗೇ ಬಂದರು. "ಬಸ್ಸು ತಾನೇ, ನೋಡುವ" ಎಂದರು ಶೆಟ್ರು. "ಕಮಿಟೀಲಿ ಡಿಸ್ಕಸ್ ಮಾಡೋಣ ಬಿಡಿ" ಎಂದರು ಮೂರ್ತಿಗಳು. "ನಮ್ಮವರ ತೀರ್ಮಾನ ಇನ್ನೂ ಆಗಿಲ್ಲ" ಎಂದು ನಾನು ದನಿ ತಗ್ಗಿಸಿ ಗಂಭೀರನಾದೆ. ಇಬ್ಬರಿಗೂ ಚಹಾ ಕೊಡುತ್ತ ನನ್ನ ಹೆಂಡತಿ ವಿಮಲಾ ಕೇಳಿದ್ದು ಒಂದೇ ಪ್ರಶ್ನೆ: "ಬಸ್ಸು ಯಾವತ್ತಿನಿಂದ ಬರ್ತದೆ?" ಇಬ್ಬರೂ ಚಹಾ ಚೆನ್ನಾಗಿದೆ ಎಂದರು. ಈ ಸುದ್ದಿಯನ್ನು ಕ್ಯಾಂಪಿನಲ್ಲಿ ನಗುನಗುತ್ತ ಹಂಚಿದವನೂ ನಾನೇ.

ಚುನಾವಣೆಯ ದಿನ ಮಾತ್ರ ಕ್ಯಾಂಪಿಗೆ ಎರಡೂ ಕಡೆಯ ಕಾರುಗಳು ಸಾಲುಗಟ್ಟಿ ಬಂದವು. ಸಭೆಯಲ್ಲಿ ಮೋನಪ್ಪ ಎದ್ದುನಿಂತ. "ಅಧ್ಯಕ್ಷರ ಸ್ಥಾನಕ್ಕೆ ನಮ್ಮ ಕಡೆಯಿಂದಲೂ ಒಂದು ಹೆಸರು ಉಂಟು."

ನಾನು ಕಾಲರ್ ಸರಿಮಾಡಿಕೊಂಡು ಅರ್ಧ ಎದ್ದೆ.

"ವಿಮಲಕ್ಕ" ಎಂದ.

ಅರ್ಧ ಎದ್ದವನು ಪೂರ್ತಿ ಎದ್ದು ಚಪ್ಪಾಳೆ ತಟ್ಟಬೇಕಾಯಿತು. ಕೆಲಸಗಾರರ ಜೊತೆಗೆ ಹೆಂಗಸರೆಲ್ಲರೂ ಅವಳಿಗೇ ಮತ ಹಾಕಿದರು. "ಖಲಾಸ್" ಎಂದು ಶೆಟ್ರು ಕಾರು ಹತ್ತಿದರು. ವಿಮಲಾ ಶಾಲೆಯ ಬಸ್ಸಿನ ಮಾಲೀಕನನ್ನು ಹಿಡಿದು ಒಪ್ಪಿಸಿದಳು. ಮುಂದಿನ ಕಾರ್ಯಕ್ರಮದಲ್ಲಿ ಮೋನಪ್ಪ ಯಾರದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಯಸ ತಿನ್ನಿಸುತ್ತಿದ್ದ.

ಅಂದಿನಿಂದ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಹಾಲ್‌ನಲ್ಲೇ ಕಮಿಟಿ ಸಭೆ, ಅಡುಗೆಮನೆಯಲ್ಲಿ ನಾನು. ಪಾತ್ರೆ ತೊಳೆಯುತ್ತ, ಅಧ್ಯಕ್ಷೆಯರ ಗಂಡಂದಿರಿಗೂ ಒಂದು ಯೂನಿಯನ್ ಕಟ್ಟಬೇಕೆಂದು ಕನಸು ಕಾಣುತ್ತೇನೆ. ಸದ್ಯಕ್ಕೆ ಸದಸ್ಯ ನಾನೊಬ್ಬನೇ. ಆದರೂ ಚುನಾವಣೆಗೆ ನಿಲ್ಲಲು ಧೈರ್ಯವಿಲ್ಲ. ಅಲ್ಲೂ ನನ್ನ ಮತ ವಿಮಲಾಗೇ ಬೀಳುತ್ತದೆ.